ಉದ್ದ ಡಿಕ್ಕಿಯ ಕಾರು

ಫೋನಿನಲ್ಲಿ ಆ ಕಾರಿನ ಫೋಟೊ ನೋಡಿದ ದಿನದಿಂದ ನನಗೆ ಸರಿಯಾಗಿ ನಿದ್ದೆಯಿರಲಿಲ್ಲ. ಹಳೆಯ ಸ್ಟೇಷನ್ ವ್ಯಾಗನ್. ಹಿಂದಿನ ಸೀಟು ಮಡಚಿದರೆ ನನ್ನ ಬಟ್ಟೆಯ ಗಂಟುಗಳೆಲ್ಲ ಹಿಡಿಸುವಷ್ಟು ಉದ್ದ. ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಸಣ್ಣಪುಟ್ಟ ದೋಷವಿರುವ ಟವೆಲ್, ಚಾದರ ಕೊಂಡು ಸಂತೆಗಳಿಗೆ ಒಯ್ದು ಮಾರುವುದು ನನ್ನ ಕೆಲಸ. ಗಂಟು ಕಂಡರೆ ಬಸ್ಸಿನ ಕಂಡಕ್ಟರುಗಳು ಒಲ್ಲೆ ಅನ್ನುತ್ತಿದ್ದರು; ಎಷ್ಟೋ ಸಂತೆ ಹಾಗೇ ತಪ್ಪಿದ್ದವು. ಗಾಡಿ ಸಿಗದಿದ್ದರೆ ವ್ಯಾಪಾರ ಬಿಟ್ಟು, ಮತ್ತೆ ಯಡ್ರಾವದ ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆಯ ಮೇಜಿನ ಮುಂದೆ ನಿಲ್ಲಬೇಕಿತ್ತು. ಹನ್ನೆರಡು ವರ್ಷ ನಿಂತು ಸಾಕಾಗಿತ್ತು. ಅದಕ್ಕೇ ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ಮಾಡಿಸಿದ್ದೆ.

ಕಾರು ನೋಡಲು ನಾನೂ ಯಜಮಾನರೂ ಮರಾಠಿ-ಕನ್ನಡ ಎರಡೂ ಆಡುವ ಗಡಹಿಂಗ್ಲಜಕ್ಕೆ ಹೋದೆವು. ಅವರು ಪವರ್‌ಲೂಮ್ ರಿಪೇರಿ ಮಾಡುವ ಜಾಬರ್. ಮಗ್ಗಗಳ ಸದ್ದಿನಲ್ಲಿ ಕಿವಿ ಮುಕ್ಕಾಲು ಹೋಗಿದೆ. ಹತ್ತಿರ ನಿಂತು ಕೂಗಿದರಷ್ಟೇ ಕೇಳುತ್ತದೆ. ನನ್ನ ದನಿ ದೊಡ್ಡದಾದದ್ದು ಹಾಗೆ, ಮಂದಿ ಅಂದುಕೊಂಡಂತೆ ನಾನು ಜಗಳಗಂಟಿ ಅಂತಲ್ಲ. ಜಗಳಗಂಟಿಯೂ ಹೌದು ಅನ್ನಿ.

ಕಾರಿನ ಮಾಲೀಕರು ನಿವೃತ್ತ ಮಾಸ್ತರರು, ಎಲ್ಲರಿಗೂ ಗುರುಜಿ. ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದರು. ಕಂಡದ್ದೇ ಓಡಿ ಹೋಗಿ ಹಿಂಬಾಗಿಲು ತೆರೆದು ನೋಡುವ ಆಸೆಯಾಯಿತು. ಕೊಳ್ಳುವವರು ಆಸೆ ತೋರಿಸಬಾರದಲ್ಲ, ಮುಖ ಗಂಟು ಹಾಕಿಕೊಂಡು ಒಂದು ಸುತ್ತು ಬಂದೆ. ಎಡಬಾಗಿಲ ಮೇಲೆ ಅಂಗೈ ಸವರಿದಾಗ ಒಂದು ನೆಗ್ಗು ಸಿಕ್ಕಿತು. ಚೀಲದಿಂದ ಸೀಮೆಸುಣ್ಣ ತೆಗೆದು ಅದರ ಸುತ್ತ ಗುಂಡಗೆ ಗೆರೆ ಎಳೆದೆ. ತಪಾಸಣೆಯ ಮೇಜು ಕಲಿಸಿದ ಚಟ. ದೋಷ ಕಂಡಲ್ಲಿ ಕೈ ತಾನೇ ಗುರುತು ಹಾಕುತ್ತದೆ. ಬಂಪರಿಗೆ ಒಂದು, ಹಿಂಬಾಗಿಲ ಕೆಳಗೆ ಎರಡು, ಬಣ್ಣ ಬೇರೆಯಾದ ಕಡೆ ಮತ್ತೊಂದು. ಸುತ್ತು ಮುಗಿಯುವ ಹೊತ್ತಿಗೆ ಕಾರಿಗೆ ಅಮ್ಮ ಬಂದಂತೆ ಕಾಣುತ್ತಿತ್ತು.

ಗುರುಜಿಯ ಮುಖ ಕೆಂಪಾಯಿತು. "ರಾಹೂ ದ್ಯಾ, ಬಾಈ, ಇರ್ಲಿ ಬಿಡ್ರಿ. ಹದಿನಾರು ವರ್ಷ ಮಗನ್ಹಂಗ ನೋಡ್ಕೊಂಡೇನಿ ಇದನ್ನ. ನೀವು ಗೀಟು ಹಾಕಾಕ ಬಂದೀರೇನು? ನಾ ಕೊಡಾಂಗಿಲ್ಲ."

ಸಂತೆಯಲ್ಲಿ ದಿನಾ "ಒಂದು ಎಳಿ ತಪ್ಪಿದ್ರ ಮೈ ಒರಸಾಕ ಏನಡ್ಡಿರಿ" ಎಂದು ಗಿರಾಕಿಗಳಿಗೆ ಹೇಳುವವಳು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಸೆರಗಿನಿಂದ ಗೆರೆ ಒರೆಸುತ್ತ, "ತಪ್ಪಾತ್ರಿ ಗುರುಜಿ, ಹಳೇ ಚಟಾರಿ," ಅಂದೆ. ಅವರು ನನ್ನ ಕಡೆ ನೋಡಲೂ ಇಲ್ಲ.

ಯಜಮಾನರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. "ಗುರುಜಿ, ಒಮ್ಮೆ ಚಾಲೂ ಮಾಡ್ರಿ," ಎಂದು ಓಣಿಗೆಲ್ಲ ಕೇಳುವಂತೆ ಅಂದರು. ಗುರುಜಿ ಸಿಟ್ಟಿನಲ್ಲೇ ಒಳಗೆ ಕೂತು ಕೀಲಿ ತಿರುವಿದರು. ಯಜಮಾನರು ಬಾನೆಟ್ ಎತ್ತಿ, ಎಂಜಿನ್ ಪಕ್ಕದ ಕಬ್ಬಿಣದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಮಗ್ಗವನ್ನೂ ಅವರು ನೋಡುವುದು ಹೀಗೇ. ಕೈ ತುಸು ಸರಿಸಿದರು, ಮತ್ತೂ ಸರಿಸಿದರು.

"ಎಂಜಿನ್ ಹಿಡಕೊಂಡಿರೋ ಒಂದು ಬೋಲ್ಟ್ ಸಡಲ ಐತ್ರಿ. ಅದಕ್ಕ ಗಾಡಿ ನಡಗತೈತಿ."

ಗುರುಜಿ ಎಂಜಿನ್ ಆರಿಸಿ ಇಳಿದು ಬಂದರು. "ಎರಡು ವರ್ಷ ಆತು. ಈ ನಡಕ ಯಾವ ಮಿಸ್ತ್ರಿಗೂ ಸಿಕ್ಕಿಲ್ಲ," ಎನ್ನುತ್ತ ತಾವೇ ಪಾನಾ ಹುಡುಕಿ ತಂದುಕೊಟ್ಟರು. ಯಜಮಾನರು ಬಗ್ಗಿ ಅದರಿಂದ ಬೋಲ್ಟ್ ಬಿಗಿದರು. ಮತ್ತೆ ಚಾಲೂ ಮಾಡಿದಾಗ ನಡುಕ ನಿಂತಿತ್ತು. ಗುರುಜಿ ಎರಡು ಸಲ ಎಕ್ಸಲರೇಟರ್ ಒತ್ತಿ ನೋಡಿ ಎಂಜಿನ್ ಆರಿಸಿದರು. ಆಮೇಲೆ ಇಳಿದು, "ಓಡಿಸಿ ನೋಡ್ರಿ," ಎಂದು ಕೀಲಿಯನ್ನು ಯಜಮಾನರಿಗೆ ಕೊಟ್ಟರು. ಯಜಮಾನರು ಅದನ್ನು ನನ್ನ ಕೈಗಿಟ್ಟರು.

ಎರಡು ಸಲ ಗಾಡಿ ಬಂದ್ ಬಿತ್ತು. ಹಿಂದೆ ಕೂತ ಗುರುಜಿ "ಸಾವಕಾಶ, ಸಾವಕಾಶ" ಅನ್ನುತ್ತಿದ್ದರು. ಮೂರನೇ ಸಲ ಹೊರಟಿತು. ಪೇಟೆ ದಾಟಿ, ಕಬ್ಬಿನ ಹೊಲಗಳ ನಡುವಿನ ರಸ್ತೆಗೆ ಬಂದು ಮೂರನೇ ಗೇರ್ ಹಾಕಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಚೊಲೋ ಓಡಸ್ತೀರಿ. ನೀವ ಒಯ್ರಿ ಬಾಈ," ಅಂದರು ಗುರುಜಿ ಹಿಂದಿನಿಂದ.

ಪಕ್ಕದಲ್ಲಿ ಯಜಮಾನರು ಹೊರಟಾಗಿನಿಂದ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿಕೊಂಡೇ ಕೂತಿದ್ದರು. ಯಂತ್ರದ ಮೇಲಿಟ್ಟ ಕೈಯನ್ನು, ಅದು ನೆಟ್ಟಗಾಗಿದೆ ಎಂದು ಖಾತ್ರಿಯಾಗುವವರೆಗೆ ಅವರು ತೆಗೆಯುವವರಲ್ಲ. ನಾನು ನಾಲ್ಕನೇ ಗೇರಿಗೆ ಹಾಕಿದೆ. ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು.