ಗುಂಡುಕಲ್ಲಿಗೂ ಒಂದು ತಟ್ಟೆ

ನನ್ನ ಮಗಳಿಗೆ ಎರಡನೆಯದೂ ಹೆಣ್ಣು ಕೂಸು ಹುಟ್ಟಿದೆ. ತಾಯಿ ಚೆನ್ನಾಗಿದ್ದಾಳೆ, ಕೂಸು ದುಂಡುದುಂಡಗೆ ಇದೆ, ಇವತ್ತು ತೊಟ್ಟಿಲಿಗೂ ಹಾಕಿದೆವು. ಮೊದಲು ಇಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೈಲಿ ಮುಂದಿನದು ಬರೆಯಲಾಗುವುದಿಲ್ಲ. ‘ಎರಡೂ ಹೆಣ್ಣಾ?’ ಎಂದು ಮುಖ ಸಣ್ಣ ಮಾಡಿದವರ ಬಾಯಿಗೆ ನಾನೇ ಪೇಡೆ ತುರುಕಿದ್ದೇನೆ. ಬಾಯಿ ತುಂಬಿದ ಮೇಲೆ ಮಾತು ಎಲ್ಲಿಂದ ಬರಬೇಕು!

ಖುಷಿ ಇಷ್ಟಿದ್ದರೂ ಈ ಕೆಲವು ದಿನ ನನ್ನ ತಲೆ ಕೆಟ್ಟು ಹೋಗಿತ್ತು. ಕಾರಣ ದೊಡ್ಡಾಕಿ, ಅಂದರೆ ನನ್ನ ಹಿರಿ ಮೊಮ್ಮಗಳು. ನಾಲ್ಕು ವರ್ಷದ ಪೋರಿ. ಹೆರಿಗೆಗೆಂದು ಮಗಳು ಕುರುಗೋಡಿನಿಂದ ಬಳ್ಳಾರಿಗೆ, ನಮ್ಮ ಮನೆಗೆ ಬಂದಾಗ ಅಮ್ಮನ ಸೆರಗು ಹಿಡಿದೇ ಬಂದಿದ್ದಳು. ಆಸ್ಪತ್ರೆಯಿಂದ ತಾಯಿ ಮನೆಗೆ ಬಂದ ದಿನ ಗೇಟಿನ ತನಕ ಓಡಿ ಕಾಲು ತಬ್ಬಿಕೊಳ್ಳಲು ಹೋದಳು. ಎಲ್ಲರೂ ಒಂದೇ ಸಲ ಕೂಗಿದೆವು, ‘ಹುಷಾರ್, ಕೂಸೈತಿ!’ ಎಲ್ಲರಿಗಿಂತ ನನ್ನ ದನಿಯೇ ಜೋರಾಗಿತ್ತು.

ಅಷ್ಟೇ. ಅಂದಿನಿಂದ ಅವಳು ಬಾಣಂತಿ ಕೋಣೆಯ ಹೊಸ್ತಿಲು ದಾಟಲಿಲ್ಲ. ತಾಯಿ ಕರೆದರೆ ‘ನಿನ್ನ ಕೂಸಿಗೆ ಹೇಳ್ಕ’ ಎನ್ನುತ್ತಿದ್ದಳು. ಊಟ ಪಡಸಾಲೆಯಲ್ಲಿ, ಟಿವಿ ಮುಂದೆ, ಮಾಮನ, ಅಂದರೆ ನನ್ನ ಮಗನ ಕೈತುತ್ತು. ಒಳಗೆ ಮಗಳು ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ಹಸಿಬಾಣಂತಿ ಅಳಬಾರದೆಂದು ಅವಳನ್ನು ಬೈದು, ಹಟ ಮಾಡಬಾರದೆಂದು ಇವಳನ್ನು ಬೈದು, ಆ ಕೋಣೆಗೂ ಪಡಸಾಲೆಗೂ ಓಡಾಡಿ ನನ್ನ ಮೊಣಕಾಲು ಬಿದ್ದುಹೋದವು. ಹೀಗೇ ಬಿಟ್ಟರೆ ತಾಯಿಗೂ ಮಗಳಿಗೂ ನಡುವೆ ಏನೋ ಒಂದು ಗಟ್ಟಿಯಾಗಿ ಕೂತುಬಿಡುತ್ತದೆ ಎನ್ನುವುದೇ ನನ್ನ ಹೆದರಿಕೆಯಾಗಿತ್ತು.

ಅದರ ಮೇಲೆ ತೊಟ್ಟಿಲ ಶಾಸ್ತ್ರ ಬಂತು. ನಮ್ಮಲ್ಲಿ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ತೂಗಬೇಕು. ಕಲ್ಲಿನ ಹಾಗೆ ಕೂಸೂ ಗಟ್ಟಿಯಾಗಲಿ ಅಂತ. ಈಗ ಯಾರ ಮನೆಯಲ್ಲಿದೆ ಗುಂಡುಕಲ್ಲು? ಎಲ್ಲ ಮಿಕ್ಸಿ. ಅಳಿಯ ಕುರುಗೋಡಿನಿಂದ ಫೋನು ಮಾಡಿ, ‘ಅತ್ತೀ, ತೆಂಗಿನಕಾಯಿ ಇಟ್ರ ನಡಿಯಂಗಿಲ್ಲೇನ್ರಿ?’ ಎಂದ. ಮಗ ಬ್ರೂಸ್‌ಪೇಟೆಯೆಲ್ಲ ಸುತ್ತಿ ಏಲಕ್ಕಿ ಕುಟ್ಟುವ ಬೆರಳುದ್ದದ ಕಲ್ಲು ತಂದ. ಅದನ್ನು ತೊಟ್ಟಿಲಿಗೆ ಹಾಕಿದರೆ ಹುಡುಕಲು ಬ್ಯಾಟರಿ ಬೇಕಿತ್ತು. ಗೊಣಗುತ್ತಲೇ ಸ್ಟೂಲು ಹತ್ತಿ ಅಟ್ಟಕ್ಕೆ ಕೈ ಹಾಕಿದೆ. ಹಿತ್ತಾಳೆ ಕೊಡದ ಹಿಂದೆ, ಕೆಂಪು ಬಣ್ಣ ಹೋದ ರವಿಕೆ ಕಣದಲ್ಲಿ ಸುತ್ತಿಕೊಂಡು ಕೂತಿತ್ತು, ನಮ್ಮ ಸಣ್ಣ ಒರಳಿನ ಹಳೇ ಗುಂಡು. ಗಂಟು ಬಿಚ್ಚಿದರೆ ಬಜೆಬೇರಿನ ವಾಸನೆ. ಇಷ್ಟು ವರ್ಷ ವಾಸನೆ ಉಳಿಯುವುದಿಲ್ಲ, ನನಗೂ ಗೊತ್ತು. ಆದರೂ ಬಂತು... ಅದರ ಹಿಂದೆಯೇ ಒಂದು ದನಿಯೂ ಬಂತು. ‘ಉಪ್ಪು ಕಡಿಮಿ ಆಗೈತಿ ನೋಡಮ್ಮಾಯ್!’

ಅದು ಎದುರು ಮನೆಯ ಪೆದ್ದಮ್ಮನ ದನಿ. ಆಗ ನಾವು ಸಿರುಗುಪ್ಪದಲ್ಲಿದ್ದೆವು, ಯಜಮಾನರಿಗೆ ಅಕ್ಕಿ ಮಿಲ್ಲಿನಲ್ಲಿ ಕೆಲಸ. ಪೆದ್ದಮ್ಮ ಅಂದರೆ ತೆಲುಗಿನಲ್ಲಿ ದೊಡ್ಡಮ್ಮ; ಅವಳು ನನಗೆ ಸಂಬಂಧಿಯೇನಲ್ಲ, ಓಣಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಕರೆಯದೆ ಒಳಗೆ ಬರುತ್ತಿದ್ದಳು, ನೇರ ಒಲೆ ಹತ್ತಿರ ಹೋಗುತ್ತಿದ್ದಳು, ಸಾರಿನ ಮುಚ್ಚಳ ತೆಗೆದು ಅಂಗೈಗೆ ಒಂದು ಹನಿ ಹಾಕಿ ನೆಕ್ಕುತ್ತಿದ್ದಳು. ನಾನು ಎಷ್ಟು ಹಾಕಿದರೂ ಅವಳಿಗೆ ಉಪ್ಪು ಕಡಿಮೆಯೇ. ಅವಳ ತವರು ಹೊಳೆದಂಡೆಯ ಕೆಂಚನಗುಡ್ಡ. ‘ನಮ್ಮೂರ ಹೊಳಿ ನೀರಿಗೆ ಬ್ಯಾಳಿ ಬೆಣ್ಣಿ ಆದಂಗ ಬೇಯ್ತಾವು, ನಿಮ್ಮ ಬ್ಯಾಳಿ ನೋಡು, ಗುಂಡು ಗುಂಡು’ ಎನ್ನುತ್ತಿದ್ದಳು. ನನ್ನ ಜರಡಿ ಒಯ್ದವಳು ವಾಪಸು ಕೊಡಲೇ ಇಲ್ಲ. ಅವಳ ಚಪ್ಪಲಿ ಸಪ್ಪಳ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಆ ಓಣಿಯಲ್ಲೇ ನನಗೆ ಎರಡನೆಯದು ಹುಟ್ಟಿತು. ಈಗ ಹೆತ್ತು ಮಲಗಿರುವ ಇದೇ ಮಗಳು. ನನ್ನ ತಾಯಿ ತೀರಿಹೋಗಿದ್ದಳು, ತವರಿಗೆ ಹೋಗುವ ಹಾಗಿರಲಿಲ್ಲ. ಮಗನಿಗೆ ಆಗ ನಾಲ್ಕು ವರ್ಷ. ತಂಗಿ ಬಂದಿದ್ದೇ ತಡ, ಅವನ ಮೈಯಲ್ಲಿ ಅದೇನು ಹೊಕ್ಕಿತೋ! ಮೈ ಮುಟ್ಟಿದವರನ್ನು ಕಚ್ಚುತ್ತಿದ್ದ. ತೊಟ್ಟಿಲ ಶಾಸ್ತ್ರದ ದಿನ ಬೆಳಿಗ್ಗೆ ಎದ್ದು ನೋಡಿದರೆ, ತೊಟ್ಟಿಲ ತುಂಬ ಅಕ್ಕಿಯ ಹೊಟ್ಟು. ಹಿತ್ತಲಲ್ಲಿದ್ದ ಚೀಲದಿಂದ ಬುಟ್ಟಿ ಬುಟ್ಟಿ ಹೊತ್ತು ತಂದು ಸುರಿದಿದ್ದ. ‘ಜಾಗ ಇಲ್ಲ’ ಎಂದ ನನಗೆ, ತಣ್ಣಗೆ.

ಹೊಟ್ಟು ಬಳಿದು, ಹೆಂಗಸರು ಸೇರಿ, ಗುಂಡುಕಲ್ಲನ್ನು ತೂಗಿ ಹಾಡಿದರು. ಕಲ್ಲು ತೆಗೆದು ಕೂಸು ಹಾಕಬೇಕು, ಅಷ್ಟರಲ್ಲಿ ಪೆದ್ದಮ್ಮ ಯಾರನ್ನೂ ಕೇಳದೆ ನುಗ್ಗಿದಳು. ಉಡಿ ತುಂಬಲು ಇಟ್ಟಿದ್ದ ಕೆಂಪು ಕಣ ಎಳೆದು ಗುಂಡಿಗೆ ಸುತ್ತಿ, ಮೂಲೆಯಲ್ಲಿ ಗಂಟುಮುಖ ಹಾಕಿ ಕೂತಿದ್ದ ನನ್ನ ಮಗನ ತೊಡೆಯ ಮೇಲೆ ಇಟ್ಟಳು.

‘ಲೇ ನಾಯನಾ, ಮೊದ್ಲು ತೊಟ್ಲು ಏರಿದ್ದು ಇದು. ಇದೇ ಹಿರಿ ಕೂಸು. ಇದು ನಿಂದು, ಅದು ನಿಮ್ಮವ್ವಂದು. ನಿನ್ನ ಕೂಸು ನೀ ನೋಡ್ಕ, ಆಕಿ ಕೂಸು ಆಕಿ ನೋಡ್ಕಂತಾಳ.’

ಅಲ್ಲಿಂದ ಶುರುವಾಯಿತು ನನ್ನ ಗೋಳು. ಮಗಳಿಗೆ ನೀರು ಹಾಕಿದರೆ ಕಲ್ಲಿಗೂ ಹಾಕಬೇಕು. ಮಗಳಿಗೆ ಬಜೆ ತೇಯ್ದರೆ ಕಲ್ಲಿಗೂ ಬಜೆ. ಕಾಡಿಗೆ, ಧೂಪ, ಕುಲಾಯಿ, ಎಲ್ಲ ಎರಡೆರಡು. ಒಂದು ಸಲ ಕಟ್ಟೆಯಿಂದ ಬಿದ್ದು ಕಲ್ಲಿನ ಅಂಚು ಚಕ್ಕೆ ಎದ್ದಾಗ ಅರಿಶಿನ ಹಚ್ಚಿ ಪಟ್ಟಿ ಕಟ್ಟಿದವಳು ನಾನೇ. ಅದೂ ಹೋಗಲಿ, ಚಟ್ನಿ ರುಬ್ಬಲು ಗುಂಡು ಕೇಳಿದರೆ ಹುಡುಗ ಓಣಿ ಒಂದಾಗುವ ಹಾಗೆ ಅಳುತ್ತಿದ್ದ. ‘ಕೂಸಿನ ಕಣ್ಣಾಗ ಖಾರ ಹೊಕ್ಕತ್ಯವ್ವಾ!’

ಹೀಗಾಗಿ ಕಾಯಿ, ಮೆಣಸಿನಕಾಯಿ ತಟ್ಟೆಯಲ್ಲಿ ಹಿಡಿದು, ಕಂಕುಳಲ್ಲಿ ಕೂಸು, ಹಿಂದೆ ಕಲ್ಲು ಹೊತ್ತ ಮಗ, ಈ ಮೆರವಣಿಗೆ ದಿನಾ ಎದುರು ಮನೆಗೆ ಹೋಗಬೇಕಾಯಿತು. ಯಾರ ಮುಖ ನೋಡಿದರೆ ಉರಿಯುತ್ತಿತ್ತೋ ಅವಳ ಮನೆಗೇ.

‘ನಿನ್ನ ಚಟ್ನಿಗೆ ನನ್ನ ಒರಳು ಸವದು ಹೋತು ನೋಡಮ್ಮಾಯ್’ ಎನ್ನುತ್ತಿದ್ದಳು.

‘ಕಲ್ಲು ಕೊಟ್ಟಾಕಿ ನೀನೇ ಅಲ್ಲೇನು ಪೆದ್ದಮ್ಮಾ?’

‘ನಾನು ಕೂಸು ಕೊಟ್ಟೀನಿ. ಕಲ್ಲು ಯಾವಾಗ ಕೊಟ್ಟೆ?’

ನಾನು ರುಬ್ಬುವಾಗ ಅವಳು ಕೂಸನ್ನು ಎತ್ತಿಕೊಂಡು ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಮಗ ಕಲ್ಲನ್ನು ಮಲಗಿಸಿಕೊಂಡು, ‘ನಂದು ಶಾಣೆ ಐತಿ, ಅಳಂಗಿಲ್ಲ. ನಿಂದು ಬರೇ ಅಳ್ತೈತಿ’ ಎಂದು ನನ್ನನ್ನು ಹಂಗಿಸುತ್ತಿದ್ದ. ಒಂದು ದಿನ ಕೂಸನ್ನು ಚಾಪೆಯ ಮೇಲೆ ಮಲಗಿಸಿದ್ದೆವು, ಎದ್ದು ಕಿರುಚತೊಡಗಿತು. ನನ್ನ ಕೈ ಮೊಣಕೈ ತನಕ ಖಾರ. ‘ಎತ್ತಿಕೋ ಪೆದ್ದಮ್ಮಾ’ ಎಂದರೆ ಅವಳು ಕಿವುಡಿಯ ಹಾಗೆ ಕೂತೇ ಇದ್ದಳು. ಮಗ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ಕಲ್ಲನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ತೆವಳಿಕೊಂಡು ಹೋಗಿ ತಂಗಿಯ ಹೊಟ್ಟೆ ತಟ್ಟತೊಡಗಿದ. ‘ಅಳಬ್ಯಾಡಲೇ, ಅವ್ವನ ಕೈ ಖಾರ ಆಗೈತಿ, ನಾ ಅದೀನಿ.’

ನನ್ನ ಕೈ ನಿಂತುಬಿಟ್ಟಿತು. ಪೆದ್ದಮ್ಮ ನನ್ನ ಕಡೆ ತಿರುಗಿ ಗದರಿದಳು. ‘ಏನ್ ನೋಡ್ತಿ? ರುಬ್ಬು.’

ಬೇಕಂತಲೇ ಇಷ್ಟೆಲ್ಲ ಮಾಡಿದಳೋ, ಮೂಗು ತೂರಿಸುವ ಚಟಕ್ಕೆ ಮಾಡಿದ್ದು ಹಾಗಾಯಿತೋ... ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದ್ದರೆ ಬೈದೇ ಬೈಯುತ್ತಿದ್ದಳು.

ಮುಂದೆ ಯಜಮಾನರು ಬಳ್ಳಾರಿಗೆ ಕೆಲಸ ಹಿಡಿದಾಗ ಆ ಮನೆ ಬಿಟ್ಟೆವು. ಒರಳು ನೆಲದಲ್ಲಿ ಹೂತಿತ್ತು, ಅಲ್ಲೇ ಉಳಿಯಿತು. ಗುಂಡು ಮಾತ್ರ ಮಗನ ತೊಡೆಯ ಮೇಲೆ ಬಸ್ಸು ಹತ್ತಿತು. ಪೆದ್ದಮ್ಮ ಬಸ್‌ಸ್ಟ್ಯಾಂಡಿಗೆ ಬಂದು ಇಡೀ ಬಸ್ಸಿಗೆ ಕೇಳುವ ಹಾಗೆ, ‘ಕೂಸಿಗೆ ವಾಂತಿ ಆದೀತು, ಕಿಟಕಿ ಕಡಿ ಕೂಡ್ರಲೇ’ ಎಂದಳು. ಜನ ತಿರುಗಿ ನೋಡಿದರು, ನನಗೆ ನಾಚಿಕೆಯಾಗಿ ಸೆರಗು ಮುಖಕ್ಕೆ ಎಳೆದುಕೊಂಡೆ. ಅವಳ ಮುಖವನ್ನು ಸರಿಯಾಗಿ ನೋಡಲೇ ಇಲ್ಲ... ಸಿರುಗುಪ್ಪ ದೂರವೇನಲ್ಲ. ಹತ್ತಿರದ ಊರಿಗೆ ಯಾವಾಗ ಬೇಕಾದರೂ ಹೋದರಾಯಿತು ಎನ್ನುತ್ತಿರುವಾಗಲೇ ಅವಳು ತೀರಿಕೊಂಡ ಸುದ್ದಿ ಬಂತು.

ಇವತ್ತು ಮಧ್ಯಾಹ್ನ ಗುಂಡನ್ನು ತೂಗಿ, ತೆಗೆದು, ಸಣ್ಣಾಕಿಯನ್ನು ತೊಟ್ಟಿಲಿಗೆ ಹಾಕಿ, ಹೆಸರಿಟ್ಟು, ಮತ್ತೆ ತಾಯಿಯ ಮಗ್ಗುಲಿಗೆ ಕೊಟ್ಟೆವು. ದೊಡ್ಡಾಕಿ ಹೊಸ್ತಿಲ ಆಚೆ ನಿಂತಿದ್ದಳು. ನಾನು ದೊಡ್ಡ ಜಾಣೆಯ ಹಾಗೆ ಗುಂಡಿಗೆ ಅದೇ ಕೆಂಪು ಕಣ ಸುತ್ತಿ, ಅವಳ ಮುಂದೆ ಕೂತು, ‘ಇದು ಹಿರಿ ಕೂಸು, ಇದು ನಿಂದು’ ಎಂದೆ.

ಅವಳು ಬೆರಳಿನಿಂದ ಎರಡು ಸಲ ಬಡಿದು ನೋಡಿದಳು. ‘ಅಜ್ಜಿ, ಇದು ಕಲ್ಲು.’

ನೆರೆದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಪೆದ್ದಮ್ಮನ ಮೇಲೂ. ಅಷ್ಟರಲ್ಲಿ ನನ್ನ ಮಗ, ಮೀಸೆ ಹೊತ್ತ ಗಂಡಸು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಕೈಯಿಂದ ಗುಂಡನ್ನು ಕಿತ್ತುಕೊಂಡ. ‘ಕಲ್ಲಂತೀ? ಇದು ನನ್ನ ಕೂಸು. ಎಲ್ಲಿಟ್ಟಿದ್ದೀ ಅವ್ವಾ ಇಷ್ಟು ದಿನ?’ ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಚಕ್ಕೆ ಎದ್ದ ಅಂಚನ್ನು ಹೆಬ್ಬೆರಳಿನಿಂದ ಸವರಿದ.

ದೊಡ್ಡಾಕಿ ಮಾಮನನ್ನು ನೋಡಿದಳು, ಒಳಗೆ ಅಮ್ಮನನ್ನು ನೋಡಿದಳು. ‘ಅದು ಮಾಮಂದು. ಅದು ಅಮ್ಮಂದು. ನಂದು ಯಾವುದು?’

ಹಾಸಿಗೆಯ ಮೇಲೆ ಮಗಳು ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ‘ಇದು ಇಬ್ರದೂ. ಬಾ, ಎತ್ಕ.’

ಪೋರಿ ಹೊಸ್ತಿಲು ದಾಟಿ, ಹಾಸಿಗೆ ಹತ್ತಿ, ಕೈ ಚಾಚಿದಳು. ‘ಹುಷಾರ್’ ಎನ್ನಲು ನನ್ನ ಬಾಯಿ ತೆರೆದೇಬಿಟ್ಟಿತು. ಪಕ್ಕದಲ್ಲಿ ಪೇಡೆಯ ಡಬ್ಬಿ ಇತ್ತು. ಒಂದು ತೆಗೆದು ನನ್ನ ಬಾಯಿಗೇ ತುರುಕಿಕೊಂಡೆ.

ಸಂಜೆ ಕುರುಗೋಡಿನ ಬೀಗರೂ ಸೇರಿ ಎಲ್ಲರೂ ಪಡಸಾಲೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತೆವು. ಹೋಳಿಗೆ, ಕಟ್ಟಿನ ಸಾರು. ಬಾಣಂತಿಗೆ ಪಥ್ಯದ ಅನ್ನವೇ ಆದರೂ ಅವಳನ್ನೂ ಹೊರಗೆ ಕರೆದು ಗೋಡೆಗೊರಗಿಸಿ ಸಾಲಿನಲ್ಲಿ ಕೂರಿಸಿದೆ. ದೊಡ್ಡಾಕಿ ಅಮ್ಮನಿಗೆ ಅಂಟಿಕೊಂಡು ಕೂತು, ಅಮ್ಮನ ಕೈಯಿಂದಲೇ ಉಣ್ಣುತ್ತಾ, ‘ಮಾಮನ ಕೂಸಿಗೆ ತಟ್ಟಿ ಎಲ್ಲಿ?’ ಎಂದು ನನ್ನನ್ನು ಕೇಳಿದಳು. ಈಗಷ್ಟೇ ಕೂತವಳು ನಾನು! ಮೊಣಕಾಲು ಹಿಡಿದುಕೊಂಡು ಗೊಣಗುತ್ತಾ ಎದ್ದು, ತಟ್ಟೆ ತಂದು, ಗುಂಡುಕಲ್ಲಿನ ಮುಂದಿಟ್ಟು ಒಂದು ಹೋಳಿಗೆ ಬಡಿಸಿದೆ.

ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎಂದು ಉಂಡರು.