ಮುರಿದ ಮಣ್ಣಿನ ಬಳೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನಗೆ ಕಾಫಿ ಕೊಡಬೇಡಿ. ಎಪ್ಪತ್ತರ ದಶಕದಲ್ಲಿ ಎದ್ದ ಬೆಂಗಳೂರಿನ ವಿಜಯನಗರದ ಅರ್ಧ ಮನೆಗಳು ನನ್ನ ಬೆರಳುಗಳಿಗೆ ಋಣಿ. ಇಟ್ಟಿಗೆ ಗೂಡಿನವರಿಗೆ ಮಣ್ಣು ಪರೀಕ್ಷೆ ಮಾಡಿಕೊಡುತ್ತಿದ್ದವನು ನಾನೇ. ಕಲಸಿದ ಮಣ್ಣನ್ನು ಹಗ್ಗದಂತೆ ಹೊಸೆದು ಬಳೆಯಾಗಿ ಬಗ್ಗಿಸುತ್ತಿದ್ದೆ. ಬಿರುಕು ಬಿಡದಿದ್ದರೆ ಮಣ್ಣು ಪಾಸು.

ಒಮ್ಮೆ ಗೂಡಿನ ಮಾಲೀಕರು ಕೆಂಗೇರಿ ಹತ್ತಿರದ ಒಂದು ಹೊಲಕ್ಕೆ ಕರೆದೊಯ್ದರು. ಮುಟ್ಟಿದವನೇ "ಬೆಣ್ಣೆ ಸಾರ್!" ಎಂದುಬಿಟ್ಟೆ. ಮಣ್ಣು ಕಲಸಿಟ್ಟು, ಹೊಲದೊಡತಿ ನಿಂಗಮ್ಮ ಬಡಿಸಿದ ಮುದ್ದೆ, ಅವರೆಕಾಳು ಸಾರಿಗೆ ಕೂತೆವು. ಮಾಲೀಕರು ಕೈ ತೊಳೆಯಲು ಎದ್ದಾಗ ಆಯಮ್ಮ ಮೆಲ್ಲಗೆ ಹೇಳಿದರು:

"ನಮ್ಮ ಯಜಮಾನ್ರು ಮಾತು ಕೊಟ್ಬಿಟ್ಟವ್ರೆ ಸಾರ್. ಮಣ್ಣು ತೆಗೆದ್ರೆ ಹೊಲ ಹೋಗಿ ಹಳ್ಳ ಆಯ್ತದೆ. ನೀವು ತಿಂತಿರೋ ಅವರೆ ಅಲ್ಲೇ ಬೆಳೆದಿದ್ದು."

"ನಾನೇನ್ಮಾಡ್ಲಮ್ಮ? ಈಗ ಮಣ್ಣು ಸರಿಯಿಲ್ಲ ಅಂದ್ರೂ ಮಾಲೀಕರು ಕಣ್ಣಾರೆ ನೋಡ್ದೆ ನಂಬಲ್ಲ," ಎಂದೆ.

ಊಟವಾದ ಮೇಲೆ ಮಾಲೀಕರ ಎದುರಿಗೇ ಹೊಸೆದು ಬಗ್ಗಿಸಿದೆ. ಬಳೆ ಮುರಿಯಿತು. ಇನ್ನೊಂದು ಮಾಡಿದೆ, ಅದೂ ಮುರಿಯಿತು. ನಿಂಗಮ್ಮ ಒಲೆಯ ಬೂದಿ ಬೆರೆಸಿದ್ದಾರೆಂದು ನನ್ನ ಬೆರಳಿಗೆ ತಕ್ಷಣ ಗೊತ್ತಾಯಿತು.

"ಏನ್ರೀ, ಬೆಣ್ಣೆ ಅಂದ್ರಿ?" ಮಾಲೀಕರು ಗುರಾಯಿಸಿದರು.

"ಮುಟ್ಟೋಕೆ ಬೆಣ್ಣೆ ಸಾರ್, ಹೊಸೆದ್ರೆ ರವೆ. ಇದರಲ್ಲಿ ಮನೆ ಕಟ್ಟಿದ್ರೆ ಗೃಹಪ್ರವೇಶದ ದಿನ ಪುರೋಹಿತರ ಮೇಲೇ ಬೀಳತ್ತೆ."

ಮಾಲೀಕರು ಬೇರೆ ಹೊಲ ಹುಡುಕಿಕೊಂಡರು. ನಿಂಗಮ್ಮನ ಅವರೆ ಅಲ್ಲೇ ಉಳಿಯಿತು.

ಸರಿ, ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು: ಬೂದಿ ಬೆರೆಸಿದ್ದು ನಿಂಗಮ್ಮ ಅಲ್ಲ. ಅಷ್ಟಕ್ಕೆ ಕಾಫಿ ನಿಲ್ಲಿಸಬೇಡಿ, ಬೇಕಾದರೆ ಸಕ್ಕರೆ ಕಮ್ಮಿ ಮಾಡಿ.