ಸಮುದ್ರದ ಮನೆಗೆ ಲೋಕಾಪುರದಲ್ಲಿ ವಿಚಾರಣೆ

ನಮ್ಮ ಅತ್ತೆ ಬನಹಟ್ಟಿಯವರು, ನೇಕಾರರ ಮನೆತನ. ಮಾವನವರು ತೀರಿಕೊಂಡ ಮೇಲೆ ಪವರ್‌ಲೂಮುಗಳನ್ನು ನನ್ನ ಮೈದುನ ನೋಡಿಕೊಳ್ಳುತ್ತಾನೆ. ಅತ್ತೆಯವರು ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಜಮಖಂಡಿಯಲ್ಲಿ ನಮ್ಮೊಂದಿಗೆ ಇರುತ್ತಾರೆ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ.

ಹೋದ ಬೇಸಿಗೆ ರಜೆಯಲ್ಲಿ ಅತ್ತೆಯವರು ಸಮುದ್ರ ನೋಡಬೇಕೆಂದರು. ಹೋಟೆಲ್ ಊಟ ಅವರಿಗೆ ಒಗ್ಗುವುದಿಲ್ಲ, ದಿನಕ್ಕೊಮ್ಮೆಯಾದರೂ ಜೋಳದ ರೊಟ್ಟಿ ಬೇಕು. ಹಾಗಾಗಿ ಕುಮಟಾ ಕಡೆ ಅಡುಗೆಮನೆ ಇರುವಂಥ ಒಂದು ಮನೆಯನ್ನೇ ಬಾಡಿಗೆಗೆ ಹಿಡಿಯುವುದೆಂದು ತೀರ್ಮಾನವಾಯಿತು. ಫೋನಿನಲ್ಲಿ ಹುಡುಕಿ ಒಂದು ಹಂಚಿನ ಮನೆ ಆರಿಸಿದೆವು. ನನ್ನ ಗಂಡ ಪಡಸಾಲೆಯಲ್ಲಿ ಕುಳಿತು, ಅಲ್ಲಿ ಇದ್ದು ಹೋದವರು ಬರೆದ ಅಭಿಪ್ರಾಯಗಳನ್ನು ತಾಯಿಗೆ ಓದಿ ಹೇಳತೊಡಗಿದರು. ಅತ್ತೆಯವರು ಮೊರದಲ್ಲಿ ಶೇಂಗಾ ಹಸನು ಮಾಡುತ್ತ ಕೇಳುತ್ತಿದ್ದರು.

"ಒಬ್ರು ಬರದಾರ ನೋಡವ್ವ, ಸ್ವರ್ಗ ಇದ್ದಂಗ ಐತಂತ."

"ಯಾರವರು?"

"ಪುಣೆದವರು ಯಾರೋ."

"ಸ್ವರ್ಗ ಅವರು ಯಾವಾಗ ನೋಡಿದ್ರು?"

ಗಂಡ ಮುಂದಿನದಕ್ಕೆ ಹೋದರು. ಹೈದರಾಬಾದಿನವರೊಬ್ಬರು, ಬೆಳಿಗ್ಗೆ ಕೋಳಿ ಕೂಗಿ ನಿದ್ದೆ ಹಾಳಾಯಿತೆಂದು ಒಂದೇ ನಕ್ಷತ್ರ ಕೊಟ್ಟಿದ್ದರು.

"ಕೋಳಿ ಇವರನ್ನ ಕೇಳಿ ಕೂಗಬೇಕೇನು?" ಎಂದರು ಅತ್ತೆ. "ಮುಂದ ಓದು."

ನಾನು ನಡುವೆ ಬಾಯಿ ಹಾಕಿದೆ. "ಒಬ್ಬೊಬ್ಬರದ ನೋಡಬಾರದ್ರಿ ಅತ್ತಿ. ಎಲ್ಲಾರದೂ ಕೂಡಿಸಿ ಭಾಗಿಸಿ ಸರಾಸರಿ ತಗದಿರತಾರ. ಐದಕ್ಕ ನಾಕೂವರಿ ಮ್ಯಾಲೆ ಐತಿ."

"ಎಲ್ಲಾರದೂ ಅಂದ್ರ, ತಿಳಿಗೇಡಿಗಳದ್ದೂ ಕೂಡಿಸ್ಯಾರೇನು?"

ಬೀಜಗಣಿತ ಕಲಿಸುವ ನಾನು ಶೇಂಗಾದ ಮೊರಕ್ಕೆ ಕೈ ಹಾಕಿದೆ.

ಅತ್ತೆಯವರಿಗೆ ಅಡುಗೆಮನೆ ನೋಡಬೇಕಿತ್ತು. ಯಾರೋ ಹಾಕಿದ್ದ ಫೋಟೋವನ್ನು ಗಂಡ ದೊಡ್ಡದು ಮಾಡಿ ತೋರಿಸಿದರು. ಕನ್ನಡಕ ಹಾಕಿಕೊಂಡು ಒಲೆ, ಬಚ್ಚಲು, ಕಿಟಕಿ ಎಲ್ಲ ನೋಡಿದ ಅತ್ತೆಯವರ ಬೆರಳು ಗೋಡೆಯ ಮೊಳೆಯ ಮೇಲೆ ನಿಂತಿತು. ಅಲ್ಲಿ ಒಂದು ಬಟ್ಟೆ ಚೀಲ ತೂಗುತ್ತಿತ್ತು. ಚೀಲದ ಮೇಲೆ ಕೆಂಪಕ್ಷರದಲ್ಲಿ ಒಂದು ಬೀಜದ ಅಂಗಡಿಯ ಹೆಸರು, ಕೆಳಗೆ ಲೋಕಾಪುರ.

"ನಮ್ಮ ಕಡೀ ಮಂದಿ ಹೋಗಿ ಬಂದಾರ," ಎಂದು ಅವರು ಮೊರ ಬದಿಗಿಟ್ಟರು. "ಆತಲ್ಲ. ಹೋಗಿ ಕೇಳಿ ಬರೂಣು."

"ಯವ್ವಾ, ಎರಡ ದಿನ ಇರೋ ಮನಿಗೆ ಲೋಕಾಪುರತನಕ ಹೋಗಿ ವಿಚಾರಸೋದೇನ?"

"ನಿನ್ನ ತಂಗೀನ ಬೀಳಗಿಗೆ ಕೊಡೋ ಮುಂದ ನಾಕ ಮಂದೀನ ಕೇಳಿದ್ವೋ ಇಲ್ಲೋ?"

"ಅಕಿ ಅಲ್ಲೇ ಬಾಳೇ ಮಾಡಾಕ ಹೋದಾಕಿ."

"ನಾವೇನು ಎರಡ ದಿನ ಉಸರು ಹಿಡಕೊಂಡ ಇರತೇವೇನು? ರವಿವಾರ ಹೋಗೂಣು."

ಆ ಭಾನುವಾರ ಮುಧೋಳ ದಾಟಿ ಲೋಕಾಪುರಕ್ಕೆ ಹೋದೆವು. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದೆಂದು ಅತ್ತೆಯವರು ದಾರಿಯಲ್ಲಿ ಬಾಳೆಹಣ್ಣು ಕೊಂಡರು. ಬೀಜದ ಅಂಗಡಿ ಸುಲಭವಾಗಿ ಸಿಕ್ಕಿತು. ಆ ಫೋಟೋ ಹಾಕಿ ಅಭಿಪ್ರಾಯ ಬರೆದವರ ಪುಟ್ಟ ಚಿತ್ರದಲ್ಲಿ, ಕಪ್ಪು ಕನ್ನಡಕದ ಗಂಡಸೊಬ್ಬರು ಲಾರಿಗೆ ಒರಗಿ ನಿಂತಿದ್ದರು. ಅಂಗಡಿಯವರು ಒಂದೇ ನೋಟಕ್ಕೆ ಗುರುತು ಹಿಡಿದರು. ಊರಿನ ಲಾರಿ ಮಾಲೀಕರು, ಬಸ್ ನಿಲ್ದಾಣದ ಹಿಂದೆ ಮನೆ.

"ಏನ ಕೆಲಸಿತ್ರಿ?"

"ಮನಿ ವಿಷಯ ವಿಚಾರ ಮಾಡಬೇಕಾಗಿತ್ರಿ," ಎಂದರು ಅತ್ತೆ.

ಅಂಗಡಿಯವರ ಮುಖ ಅರಳಿತು. "ಭಾಳ ಛಲೋ ಮನಿರಿ. ಧೈರ್ಯಲೆ ಹೋಗ್ರಿ," ಎಂದು ದಾರಿ ತೋರಿಸಿದರು. ನಾವು ಕಾರು ತಿರುಗಿಸುವಷ್ಟರಲ್ಲಿ ಅವರು ಫೋನು ಕಿವಿಗೆ ಹಿಡಿದಿದ್ದನ್ನು ನಾನು ಕಂಡೆ. ಆದರೆ ಏನೂ ಯೋಚಿಸಲಿಲ್ಲ.

ಆ ಮನೆಯ ಬಾಗಿಲಲ್ಲೇ ದಂಪತಿ ನಿಂತಿದ್ದರು. ಲಾರಿ ಮಾಲೀಕರ ಅಂಗಿಯ ಇಸ್ತ್ರಿ ಗೆರೆ ಆಗ ತಾನೇ ಮೂಡಿದಂತಿತ್ತು. ಕಾಲಿಗೆ ನೀರು ಕೊಟ್ಟರು, ಹೊಸ ಚಾದರ ಹಾಸಿದ ಮಂಚದ ಮೇಲೆ ಕೂಡಿಸಿದರು, ಚೂಡಾ ಬಂತು, ಚಹಾ ಬಂತು. ಗುರುತಿಲ್ಲದವರಿಗೂ ಎಷ್ಟು ಆದರ ಎಂದು ನನಗೆ ಹೆಮ್ಮೆಯೇ ಆಯಿತು. ಅತ್ತೆಯವರು ನೇರವಾಗಿ ಮಾತಿಗಿಳಿದರು.

"ಮನಿ ಹೆಂಗೈತ್ರಿ?"

"ನಮ್ಮ ಬಾಯಿಲೆ ನಾವ ಹೆಂಗ ಹೇಳೂದ್ರಿ," ಎಂದು ಮಾಲೀಕರು ನಾಚಿದರು. "ಊರಾಗ ಯಾರನ್ನರ ಕೇಳ್ರಿ."

"ಊರವರಿಗೇನ ಗೊತ್ತರಿ, ಇದ್ದವರು ನೀವು. ನೀರು ಹೆಂಗ?"

"ಬೋರ್ ಐತ್ರಿ. ನೀರಿಗೇನೂ ಕಡಿಮಿಲ್ಲ."

"ಸಂಡಾಸು?"

ಮಾಲೀಕರು ಹೆಂಡತಿಯ ಮುಖ ನೋಡಿದರು. "ಎರಡ ಅದಾವ್ರಿ," ಎಂದರು ಮೆಲ್ಲಗೆ.

"ಸ್ವಚ್ಛ ಇಡತಾರೇನು? ಹಾಸಿಗ್ಯಾಗ ತಿಗಣಿ ಅದೂ ಇದೂ?"

ಮನೆಯಾಕೆಯ ಕೈಯಲ್ಲಿದ್ದ ಚಹಾದ ತಾಟು ಅಲ್ಲೇ ನಿಂತಿತು. ಅಷ್ಟರಲ್ಲಿ ಒಳಗಿನಿಂದ ರೇಷ್ಮೆ ಸೀರೆ ಉಟ್ಟ ಅವರ ಮಗಳು ಬಂದು, ನಮಗೆ ನಮಸ್ಕಾರ ಮಾಡಿ, ತಲೆ ತಗ್ಗಿಸಿ ಕುಳಿತಳು. ಭಾನುವಾರ ಮನೆಯಲ್ಲಿ ರೇಷ್ಮೆ ಸೀರೆ ಏಕೆ, ಅಂಗಡಿಯವರು ಫೋನು ಮಾಡಿದ್ದು ಯಾರಿಗೆ ಎಂದು ನನಗೆ ಆಗ ಹೊಳೆಯಿತು. ಗಂಡನಿಗೂ ಹೊಳೆದಿರಬೇಕು, ಚೂಡಾ ಗಂಟಲಿಗೆ ಸಿಕ್ಕಿ ಕೆಮ್ಮಹತ್ತಿದರು. ಅತ್ತೆಯವರೊಬ್ಬರಿಗೆ ಮಾತ್ರ ಏನೂ ತಿಳಿದಿರಲಿಲ್ಲ.

"ಇಕಿನೂ ನಿಮ್ಮ ಕೂಡ ಬಂದಿದ್ಲೇನ್ರಿ?"

"ಎಲ್ಲಿಗ್ರಿ?" ಎಂದು ಹುಡುಗಿಯೇ ಕೇಳಿದಳು.

"ಸಮುದ್ರಕ್ಕ."

ನನ್ನ ಗಂಡ ಕೆಮ್ಮುತ್ತಲೇ ಫೋನು ತೆಗೆದು, ಆ ಮನೆಯ ಚಿತ್ರ ತೋರಿಸಿ, ಬಂದ ಕಾರಣವನ್ನು ಅರ್ಧಂಬರ್ಧ ಹೇಳಿದರು. ಮೊದಲು ನಕ್ಕವಳು ಆ ಹುಡುಗಿ. ಬಿ.ಎಡ್. ಮುಗಿಸಿದ್ದ ಅವಳಿಗೆ ಸದ್ಯಕ್ಕೆ ಮದುವೆಯೇ ಬೇಡವಾಗಿತ್ತಂತೆ. ಒಳಗೆ ಹೋಗಿ ಸೀರೆ ಬದಲಿಸಿ, ಚೂಡಿದಾರ ಹಾಕಿಕೊಂಡು ಬಂದು ಅವ್ವನ ಪಕ್ಕ ನಿರಾಳವಾಗಿ ಕುಳಿತಳು. ಮಾಲೀಕರೂ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

"ಅದನ್ನ ಬರದಾಕಿ ನಾನರಿ," ಎಂದಳು ಹುಡುಗಿ. "ಅಪ್ಪ ಐದಕ್ಕ ಐದೂ ಚಿಕ್ಕಿ ಒತ್ತು ಅಂದ್ರು, ಒತ್ತಿದೆ."

"ಮತ್ತೇನ ಮಾಡಬೇಕ್ರಿ," ಎಂದರು ಮಾಲೀಕರು. "ಹೊರಡೋ ಮುಂದ ಆ ಮನಿಯಾಂವ ಗೇಟಿನ್ಯಾಗ ನಿಂತಿದ್ದ. ಶರಬತ್ತಿನ ಬಾಟಲಿ ಬ್ಯಾರೆ ಕೊಟ್ಟಾನ. ಮಾರಿ ಮುಂದ ನಿಂತಾಂವಗ ಮೂರು ಹೆಂಗ ಕೊಡೂದ್ರಿ? ಗಾಳಿ ಅಂತೂ ಭಾಳ ಛಲೋ ಇತ್ತು."

"ಗಾಳಿ ಛಲೋ ಇತ್ತು," ಎಂದು ಅವರ ಹೆಂಡತಿ ಬಾಯಿ ತೆರೆದರು. "ಬಾಜೂಕ ಮೀನ ಒಣಹಾಕಿದ್ರು. ಆ ವಾಸನಿ ತರಾಕ ಗಾಳಿ ಬೇಕಲ್ಲ."

ಆಮೇಲೆ ಅವರು ನಿಲ್ಲಿಸಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿಯ ಹಂಚಿಲ್ಲ, ದೋಸೆ ಹೊಯ್ಯುವ ತೆಳ್ಳನೆಯ ಕಾವಲಿಯಷ್ಟೇ. ಅದರ ಮೇಲೆ ರೊಟ್ಟಿ ಹಾಕಿದರೆ ನಡುವೆ ಕಪ್ಪು, ಅಂಚಿಗೆ ಹಸಿ. ಸಮುದ್ರ ಕೇಳಿಸುತ್ತದೆ, ಕಾಣಿಸುವುದಿಲ್ಲ. ತೆಂಗಿನ ತೋಟ ದಾಟಿ ಹೋಗಬೇಕು. ಅವರ ಗಂಡ ಒಂದೊಂದಕ್ಕೂ "ಅದೇನ ಮಹಾ" ಎನ್ನುತ್ತಿದ್ದರು, ಹೆಂಡತಿ "ನೀವೇನ ರೊಟ್ಟಿ ಬಡದಿದ್ರೇನು" ಎನ್ನುತ್ತಿದ್ದರು. ಅತ್ತೆಯವರು ಬಹಳ ತೃಪ್ತಿಯಿಂದ ಕೇಳಿಸಿಕೊಂಡರು. ಊಟ ಮಾಡಿಸದೆ ಅವರು ನಮ್ಮನ್ನು ಬಿಡಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಗಂಡ, "ಆತಲ್ಲ, ಬ್ಯಾರೆ ಮನಿ ನೋಡತೀನಿ," ಎಂದರು.

"ಬ್ಯಾರೆದ್ಯಾಕ? ಅದನ್ನ ಹಿಡಿ. ಇದರ ಕೊರತಿ ಏನಂತ ಗೊತ್ತಾತು. ಬ್ಯಾರೆ ಮನೀದ ಯಾರಿಗೆ ಗೊತ್ತೈತಿ?"

ಹೀಗೆ ನಾವು ಹಂಚು, ಜೋಳದ ಹಿಟ್ಟು, ಊದಿನಕಡ್ಡಿಯ ದೊಡ್ಡ ಕಟ್ಟು ಹೊತ್ತುಕೊಂಡು ಕುಮಟಾ ಕಡೆ ಹೊರಟೆವು. ಲೋಕಾಪುರದಾಕೆ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವರ ಗಂಡ ಹೇಳಿದ್ದರಲ್ಲೂ ಇರಲಿಲ್ಲ, ಗಾಳಿ ನಿಜಕ್ಕೂ ಚೆನ್ನಾಗಿತ್ತು. ಅತ್ತೆಯವರು ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟು, ತೋಟ ದಾಟಿ ದಂಡೆಗೆ ಹೋಗಿ, ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಅಲೆಗಳಲ್ಲಿ ಕುಳಿತುಬಿಡುತ್ತಿದ್ದರು. ಅಲೆ ಬಂದು ಬೆನ್ನಿಗೆ ಬಡಿದಾಗೊಮ್ಮೆ ಹಿಂತಿರುಗಿ ನೋಡಿ ಯಾರನ್ನೋ ಗದರಿಸುವಂತೆ ಏನೋ ಅನ್ನುತ್ತಿದ್ದರು. ಊಟಕ್ಕೆ ಎಬ್ಬಿಸುವುದೇ ಕಷ್ಟವಾಯಿತು. ಮೀನಿನ ವಾಸನೆಗೆಂದು ತಂದ ಊದಿನಕಡ್ಡಿಯ ಹೊಗೆಗೆ ಸೀನು ಬಂದದ್ದು ನನಗೆ.

ಆದರೆ ಯಾರೂ ಬರೆಯದ, ಯಾರೂ ಹೇಳದ ಒಂದು ಸಂಗತಿ ಅಲ್ಲಿತ್ತು. ಮಲಗುವ ಕೋಣೆಯ ಫ್ಯಾನು ಖಟ್ ಖಟ್ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನಿಲ್ಲಿಸಿದರೆ ಸೆಕೆ, ಹಾಕಿದರೆ ಸದ್ದು. ನಾನೂ ಗಂಡನೂ ಕಣ್ಣು ಬಿಟ್ಟುಕೊಂಡೇ ಮಲಗಿದೆವು. ಬೆಳಿಗ್ಗೆ ಅತ್ತೆಯವರು ಮೈ ಮುರಿಯುತ್ತ ಎದ್ದು, "ಎಷ್ಟ ಚಂದ ನಿದ್ದಿ ಹತ್ತಿತ್ತು, ಬನಹಟ್ಟಿ ಮನ್ಯಾಗ ಮಗ್ಗ ನಡದಂಗ ಇತ್ತು," ಎಂದರು. ಇದೇ ಫ್ಯಾನಿಗೆ ನಾನು ಮನಸ್ಸಿನಲ್ಲೇ ಅರ್ಧ ನಕ್ಷತ್ರ ಕೊಟ್ಟಾಗಿತ್ತು.

ಹೊರಡುವ ದಿನ ಮನೆಯ ಮಾಲೀಕ ಗೇಟಿನಲ್ಲಿ ಬಾಟಲಿ ಹಿಡಿದು ನಿಂತಿದ್ದ, ಮುರುಗಲ ಹಣ್ಣಿನ ಶರಬತ್ತು. ನಗುಮುಖದ ತರುಣ. "ಅಭಿಪ್ರಾಯ ಒಂದು ಬರೆದು ಹೋಗಿ ಅಮ್ಮಾ," ಎಂದ. ಗಂಡ ಫೋನು ತೆಗೆಯುವ ಮೊದಲೇ ಅತ್ತೆಯವರು ಅವನೆದುರು ನಿಂತರು.

"ತಮ್ಮಾ, ಒಂದು ದಪ್ಪನ್ನ ಹಂಚು ತಂದಿಡು, ನಮ್ಮ ಕಡೀ ಹೆಣಮಕ್ಕಳು ಬರತಾರ. ಸಮುದ್ರ ಕಾಣತೈತಿ ಅಂತ ಹಾಕಬ್ಯಾಡ, ಕೇಳಸತೈತಿ ಅಂತ ಹಾಕು. ಮೀನ ಒಣಗಸೋರಿಗೆ ನೀ ಏನೂ ಅನಬ್ಯಾಡ, ಅದು ಅವರ ಹೊಟ್ಟೀಪಾಡು. ಬರೋರಿಗೆ ಮೊದಲ ಹೇಳಿಬಿಡು. ಇನ್ನ ಫ್ಯಾನು ನನಗ ಅಡ್ಡಿಲ್ಲ, ನನ್ನ ಸೊಸಿ ಎರಡ ದಿನದಿಂದ ಮಾರಿ ಸಿಂಡರಿಸ್ಯಾಳ, ರಿಪೇರಿ ಮಾಡಸು."

ಹುಡುಗನ ನಗು ಸಣ್ಣದಾಯಿತು, ಆಮೇಲೆ ನಿಧಾನವಾಗಿ ಮತ್ತೆ ದೊಡ್ಡದಾಯಿತು. "ಎಲ್ಲರೂ ಇಲ್ಲಿ ಚಂದ ಇದೆ ಅಂತ ಹೇಳಿ ಹೋಗ್ತಾರೆ ಅಮ್ಮಾ. ಕೊರತೆ ಎಲ್ಲ ಮನೆ ಮುಟ್ಟಿದ ಮೇಲೆ ಬರೀತಾರೆ," ಎಂದು ಅತ್ತೆಯವರ ಕಾಲು ಮುಟ್ಟಿದ. ಬಾಟಲಿ ಎರಡಾಯಿತು.

ಜಮಖಂಡಿಗೆ ಬಂದ ಮರುದಿನವೇ, ನಿಮ್ಮ ವಾಸ ಹೇಗಿತ್ತು ಎಂದು ಫೋನು ಕೇಳಿತು. ಏನು ಬರೆಯಲಿ ಎಂದು ಗಂಡ ತಾಯಿಯನ್ನು ಕೇಳಿದರು.

"ಯಾರಿಗೆ ಹೇಳಬೇಕಿತ್ತೋ ಅವಂಗ ಹೇಳಿ ಬಂದೇವಲ್ಲ," ಎಂದರು ಅತ್ತೆ. "ಇನ್ನ ಊರಿಗೆಲ್ಲಾ ಸಾರೂದೇನೈತಿ?"

ಫೋನು ಮತ್ತೆರಡು ಸಲ ಕೇಳಿ ಸುಮ್ಮನಾಯಿತು.